ತಣ್ಣಗಾಗದ ಫ್ರಿಜ್ಜು, ಎದುರುಮನೆಯ ಕಿಟಕಿ

ನನ್ನ ಫ್ರಿಜ್ಜು ಆಕಾಶದಲ್ಲಿ ತೂಗಾಡುತ್ತಿದ್ದಾಗ ನಾನು ಯೆಲ್ಮರನನ್ನು ಮೊದಲ ಸಲ ನೋಡಿದೆ.

ತಮಾಷೆಗೆ ಹೇಳುತ್ತಿಲ್ಲ. ನಮ್ಮ ಹೋರ್ನ್ ಊರಿನಲ್ಲಿ, ಬಂದರಿನ ಪಕ್ಕದ ಹಳೆಯ ಮನೆಗಳ ಮೆಟ್ಟಿಲು ತುಂಬ ಇಕ್ಕಟ್ಟು. ಮನೆ ಬದಲಿಸುವವರ ಮಂಚ, ಬೀರು, ಫ್ರಿಜ್ಜು ಎಲ್ಲವೂ ಸೂರಿನ ಕೊಕ್ಕೆಗೆ ಹಗ್ಗ ಕಟ್ಟಿಸಿಕೊಂಡು ಕಿಟಕಿಯಿಂದಲೇ ಒಳಗೆ ಬರಬೇಕು. ಹಾಗೆ ಏರುವಾಗ ಸಾಮಾನು ಗೋಡೆಗೆ ಉಜ್ಜದಿರಲಿ ಎಂದು ಹಿಂದಿನವರು ಮನೆಗಳನ್ನೇ ಬೀದಿಯ ಕಡೆಗೆ ಒಂದಿಷ್ಟು ಬಾಗಿಸಿ ಕಟ್ಟಿಬಿಟ್ಟಿದ್ದಾರೆ. ಕೆಳಗೆ ನಿಂತು ನೋಡಿದರೆ ಇಡೀ ಓಣಿ ತಲೆಗೆ ತಲೆ ಸೇರಿಸಿ ಗುಟ್ಟು ಮಾತಾಡುವಂತೆ ಕಾಣುತ್ತದೆ.

ಅವತ್ತು ನವೆಂಬರಿನ ಗಾಳಿ. ಕೆಳಗೆ ನನ್ನ ತಮ್ಮ ಮತ್ತು ಅವನ ಗೆಳೆಯರು ಹಗ್ಗ ಎಳೆಯುತ್ತಿದ್ದರು. ನಾನು ಮೇಲೆ ಕಿಟಕಿಯಲ್ಲಿ ಕೈಚಾಚಿ ನಿಂತಿದ್ದೆ. ಫ್ರಿಜ್ಜು ಎರಡನೆಯ ಮಹಡಿಯವರೆಗೆ ಜಾಣನಂತೆ ಬಂದು, ಅಲ್ಲಿ ಗಾಳಿಗೆ ಸಿಕ್ಕಿ, ಗಿರ್ರನೆ ತಿರುಗಿ ಎದುರುಮನೆಯ ಕಡೆಗೆ ಹೊರಟುಬಿಟ್ಟಿತು. ಆ ಮನೆಯ ಕಿಟಕಿ ತೆರೆಯಿತು. ಟೀ ಲೋಟ ಹಿಡಿದ ಒಬ್ಬ ಉದ್ದನೆಯ ಮನುಷ್ಯ ತಲೆ ಹೊರಗೆ ಹಾಕಿದ.

"ಇದು ನನಗಾ?" ಎಂದ.

"ಅಲ್ಲ ರೀ, ನಂದು!" ಎಂದು ಕೂಗಿದೆ.

"ಅಯ್ಯೋ, ಖುಷಿಯಾಗಿತ್ತು. ಹಾಗಾದ್ರೆ ವಾಪಸ್ ಕಳಿಸ್ಲಾ?"

ಹಾಗೆನ್ನುತ್ತಾ ಲೋಟವನ್ನು ಪಕ್ಕಕ್ಕಿಟ್ಟು, ಉದ್ದನೆಯ ಕೈ ಚಾಚಿ, ಮಗುವಿನ ತೊಟ್ಟಿಲು ತೂಗುವಷ್ಟು ಮೆತ್ತಗೆ ಫ್ರಿಜ್ಜನ್ನು ನನ್ನ ಕಡೆಗೆ ತಳ್ಳಿದ. ಅದು ಬಂದು ನನ್ನ ತೋಳಿಗೆ ಸೇರಿತು. ಅದರ ಹಿಂದಿನಿಂದ ಅವನ ಮುಖ ಕಂಡಿತು. ಕನ್ನಡಕ ಮೂಗಿನ ಮೇಲೆ ಒಂದು ಕಡೆಗೆ ಜಾರಿತ್ತು. ನಗುವಾಗ ಬಲಗಣ್ಣು ಎಡಗಣ್ಣಿಗಿಂತ ಮೊದಲು ನಗುತ್ತಿತ್ತು. ಇಷ್ಟೆಲ್ಲ ನೋಡಲು ಎಷ್ಟು ಹೊತ್ತು ಬೇಕು ಹೇಳಿ! ತಮ್ಮ ಕೆಳಗಿನಿಂದ, "ಫೆನ್ನಾ, ಸತ್ತೆಯಾ ಬದುಕಿದ್ದೀಯಾ? ಒಳಗೆ ಎಳ್ಕೊಳ್ಳೇ!" ಎಂದು ಅರಚಿದ.

ಸಂಜೆ ಎಲ್ಲರಿಗೂ ಕಾಫಿ ಕೊಟ್ಟೆ. ಎದುರುಮನೆಯವನೂ ಬಂದಿದ್ದ. ಹೆಸರು ಯೆಲ್ಮರ್. ಊರ ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಜಾವದ ಶಿಫ್ಟ್, ಮಧ್ಯಾಹ್ನಕ್ಕೆಲ್ಲ ಮನೆಗೆ. ನಾನು ಡಬ್ಬಿ ತೆರೆದು ತಲೆಗೊಂದು ಬಿಸ್ಕತ್ತು ಕೊಟ್ಟು, ಡಬ್ಬಿ ಮುಚ್ಚಿದೆ. ಅವನು ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ.

"ಫ್ರಿಜ್ಜು ತಳ್ಳಿದವರಿಗೂ ಒಂದೇನಾ?"

"ಒಂದೇ."

"ಸರಿ, ಮುಂದಿನ ಸಲ ನನ್ನ ಮನೇಲೇ ಇಟ್ಕೋತೀನಿ ಫ್ರಿಜ್ಜನ್ನ."

ನನಗೆ ನಗು ಬಂತು. ಬಹಳ ದಿನಗಳಿಂದ ನನ್ನ ಮನೆಯಲ್ಲಿ ಯಾರೂ ಹೀಗೆ ಕೀಟಲೆ ಮಾಡಿರಲಿಲ್ಲ. ಹಿಂದೆ ಒಬ್ಬನ ಜೊತೆ ಬಾಳುತ್ತಿದ್ದೆ. ಅವನ ಜೊತೆ ಜಗಳವೇನೂ ಆಗಲಿಲ್ಲ, ಆಡುವ ಮಾತು ಮುಗಿದುಹೋಯಿತು ಅಷ್ಟೇ.

ಮಾರನೆಯ ದಿನ ಫ್ರಿಜ್ಜನ್ನು ಚಾಲೂ ಮಾಡಿದೆ. ಗಾಡಿಯಲ್ಲಿ ಅಡ್ಡ ಮಲಗಿಸಿ ತಂದ ಫ್ರಿಜ್ಜನ್ನು ತಕ್ಷಣ ಹಚ್ಚಬಾರದು, ಒಳಗಿನ ಎಣ್ಣೆ ಕೆಳಗಿಳಿಯಬೇಕು, ಒಂದು ದಿನ ನೆಟ್ಟಗೆ ನಿಲ್ಲಿಸಿಡಬೇಕು. ಇದೆಲ್ಲ ನನಗೆ ಗೊತ್ತು. ಗೋಡೆಯಿಂದ ಒಂದು ಅಂಗೈಯಷ್ಟು ದೂರವನ್ನೂ ಬಿಟ್ಟಿದ್ದೆ. ಹಿಂಬದಿಯ ಧೂಳನ್ನೂ ಒರೆಸಿದ್ದೆ. ನನ್ನಷ್ಟು ಭಯಭಕ್ತಿಯಿಂದ ಫ್ರಿಜ್ಜು ಹಚ್ಚಿದವರು ಈ ಊರಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ.

ಆದರೂ ಅದು ತಣ್ಣಗಾಗಲಿಲ್ಲ.

ಪೂರ್ತಿ ಕೆಟ್ಟಿತ್ತು ಎಂದರೆ ಅದೂ ಅಲ್ಲ. ಗುರ್ ಎಂದು ದಿನವಿಡೀ ದುಡಿಯುತ್ತಿತ್ತು. ಸಂಜೆ ನಾನು ಮನೆಯಲ್ಲಿದ್ದಾಗ ಪರವಾಗಿಲ್ಲ ಎನ್ನುವಷ್ಟು ತಂಪು. ಬೆಳಗ್ಗೆ ಎದ್ದು ನೋಡಿದರೆ ಹಾಲು ಹುಳಿ, ಬೆಣ್ಣೆ ಮೆತ್ತಗೆ, ಹಿಂಬದಿಯ ಗೋಡೆಗೆ ಮಂಜುಗಡ್ಡೆ, ಕೆಳಗೆ ನೀರು. ಕೆಲಸದಿಂದ ಬಂದು ನೋಡಿದರೂ ಅದೇ ಪಾಡು.

ಬೇರೆಯವರಾಗಿದ್ದರೆ ಹಾಲು ಚೆಲ್ಲಿ ಸುಮ್ಮನಾಗುತ್ತಿದ್ದರು. ನನಗೆ ಹಾಗಾಗುವಂತಿರಲಿಲ್ಲ. ವಾರವಿಡೀ ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಆದರೆ ನನ್ನ ಜೀವವೆಲ್ಲ ಇದ್ದದ್ದು ಪುಡ್ಡಿಂಗಿನಲ್ಲಿ. ಕೆನೆ, ಮೊಟ್ಟೆ, ಹಣ್ಣಿನ ರಸ ಸೇರಿಸಿ ಅಚ್ಚಿಗೆ ಹುಯ್ದು ತಣ್ಣಗೆ ಗಟ್ಟಿ ಮಾಡುವ ಕೆನೆ ಪುಡ್ಡಿಂಗ್. ಚರ್ಚಿನ ಚೌಕದಲ್ಲಿ ಟೀ ಅಂಗಡಿ ನಡೆಸುವ ಅಲೈದಾ ಅದನ್ನು ತಿಂದು ನೋಡಿ, "ಮೂರು ಶನಿವಾರ ತಂದುಕೊಡು. ಜನ ಮೆಚ್ಚಿದ್ರೆ ಸಿಹಿತಿಂಡಿಯ ಕೌಂಟರು ನಿಂದೇ" ಎಂದಿದ್ದಳು. ಆ ಕೌಂಟರಿಗೆ ಹತ್ತಿರವಾಗಲೆಂದೇ ನಾನು ಮನೆ ಬದಲಿಸಿದ್ದು.

ಮೊದಲ ಶನಿವಾರ ಪುಡ್ಡಿಂಗನ್ನು ತಟ್ಟೆಗೆ ಕವುಚಿದೆ. ಅದು ನಿಟ್ಟುಸಿರು ಬಿಟ್ಟು ಹಾಗೇ ಹರಡಿಕೊಂಡಿತು. ಎರಡನೆಯ ಶನಿವಾರವೂ ಅಷ್ಟೇ.

"ಫೆನ್ನಾ, ರುಚಿ ಬೊಂಬಾಟ್," ಎಂದಳು ಅಲೈದಾ. ಅವಳು ಯಾವುದನ್ನೂ ಸಕ್ಕರೆ ಸವರಿ ಹೇಳುವವಳಲ್ಲ. "ಆದ್ರೆ ಇದನ್ನ ತಟ್ಟೇಲಿ ಕೊಡೋಕಾಗಲ್ಲ, ಲೋಟದಲ್ಲಿ ಕೊಡ್ಬೇಕು. ಇನ್ನೊಂದು ಶನಿವಾರ ನೋಡ್ತೀನಿ. ಅದೂ ಹೀಗೇ ಆದ್ರೆ ಬೇರೆಯವರನ್ನ ಹುಡುಕ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡಲಿ! ಸೋಮವಾರವೇ ರಿಪೇರಿಯವನನ್ನು ಕರೆಸಿದೆ. ಅವನು ಫ್ರಿಜ್ಜಿನ ಸುತ್ತ ಸುಳಿದು, ಬಾಗಿಲ ಅಂಚಿನ ರಬ್ಬರನ್ನು ಒತ್ತಿ, ಥರ್ಮಾಮೀಟರ್ ಇಟ್ಟು, ಒಂದು ಕಾಫಿ ಕುಡಿದು ತೀರ್ಪು ಕೊಟ್ಟ.

"ಫ್ರಿಜ್ಜಿಗೇನೂ ಆಗಿಲ್ಲಮ್ಮ. ನೀವೇ ಪದೇಪದೇ ಬಾಗಿಲು ತೆಗೀತೀರಿ."

"ನಾನು ಮನೇಲೇ ಇರಲ್ಲ ಕಣ್ರೀ!"

"ಹಾಗಾದ್ರೆ ಬೇರೆ ಯಾರೋ ತೆಗೀತಾರೆ," ಎಂದು ಹೇಳಿ ಹೊರಟುಹೋದ. ನನಗೆ ಮೈಯೆಲ್ಲ ಉರಿಯಿತು.

ಕೆಳಮನೆಯ ತ್ರೂಸತ್ತೆ ಮಾತ್ರ ತಲೆಯಾಡಿಸಿದರು. ಎಂಬತ್ತು ದಾಟಿದ ಅವರಿಗೆ ಎಲ್ಲದಕ್ಕೂ ಒಂದು ಕಾರಣ ಸಿಗುತ್ತದೆ. "ಹಗ್ಗದಲ್ಲಿ ತಿರುಗಿತಲ್ಲ, ಅದಕ್ಕೆ ತಲೆಸುತ್ತು ಬಂದಿದೆ. ಸ್ವಲ್ಪ ದಿನ ಬಿಡು, ಸುಧಾರಿಸ್ಕೊಳ್ಳುತ್ತೆ."

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಓಣಿಯಲ್ಲಿ ಯಾರೂ ಕರ್ಟನ್ ಎಳೆಯುವುದಿಲ್ಲ. ದೀಪ ಹಚ್ಚಿದ ಮೇಲಂತೂ ಎಳೆಯಬಾರದು. ಎಳೆದರೆ, ಒಳಗೆ ಏನೋ ನಡೀತಿದೆ ಎಂದು ಅರ್ಥ. ಹಾಗೆಂದು ತೆರೆದ ಕಿಟಕಿಯೊಳಗೆ ನೋಡುವಂತೆಯೂ ಇಲ್ಲ. ನೋಡಿದವನಿಗಿಂತ ಕಳ್ಳನೇ ಮೇಲು. ಮುಖದ ಮೇಲೆ ಹೊಡೆದಂತೆ ಏನು ಬೇಕಾದರೂ ಹೇಳುವ ನಮ್ಮ ಜನ ಈ ಒಂದು ವಿಷಯದಲ್ಲಿ ಮಹಾ ನಾಜೂಕು. ಓಣಿಯಲ್ಲಿ ಹೋಗುವಾಗ ಎಲ್ಲರೂ ನೇರ ಮುಂದಕ್ಕೇ ನೋಡುತ್ತಾ ನಡೆಯುತ್ತಾರೆ.

ನಾನೂ ಹಾಗೇ ಇದ್ದೆ. ಹೆಚ್ಚುಕಡಿಮೆ.

ಬುಧವಾರ ಯೆಲ್ಮರ್ ನಮ್ಮ ಅಂಗಡಿಗೆ ಬಂದ. ಮಳೆಯಲ್ಲಿ ಸೈಕಲ್ ತುಳಿದು ಬಂದಿದ್ದ, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕನ್ನಡಕ ಸಡಿಲ ಆಗಿದೆ," ಎಂದ.

"ಮನೆ ಬದಲಿಸಿದ ದಿನಾನೇ ನೋಡಿದ್ದೆ. ಕೂತ್ಕೊಳ್ಳಿ."

ಕಡ್ಡಿ ಬಿಸಿ ಮಾಡಿ ಬಾಗಿಸಿ, ಅವನ ಕಿವಿಯ ಹಿಂದೆ ಕೂರಿಸಿದೆ. ಜನರ ಮುಖವನ್ನು ಹತ್ತಿರದಿಂದ ನೋಡುವುದೇ ನನ್ನ ಕೆಲಸ. ಎಷ್ಟು ಬಗೆಯ ಮೂಗು, ಎಷ್ಟು ಬಗೆಯ ಕಿವಿ! ಇಷ್ಟು ವರ್ಷದಲ್ಲಿ ಯಾವ ಕಿವಿಗೂ ನಾನು ಕಡ್ಡಿಯನ್ನು ಎರಡೆರಡು ಸಲ ಕೂರಿಸಿರಲಿಲ್ಲ. ಅವತ್ತು ಕೂರಿಸಿದೆ.

"ನನ್ನ ಕಡೆ ನೋಡಿ," ಎಂದೆ. ಹಾಗೆ ಎಲ್ಲರಿಗೂ ಹೇಳುತ್ತೇನೆ, ಕನ್ನಡಕ ನೆಟ್ಟಗಿದೆಯೋ ಇಲ್ಲವೋ ತಿಳಿಯಬೇಕಲ್ಲ.

ಅವನು ನೋಡಿದ. ಸಾಕು ಎಂದು ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ. ಕಣ್ಣಿನ ಬಣ್ಣ ಬೂದು ಎಂದುಕೊಂಡಿದ್ದೆ, ಹತ್ತಿರದಿಂದ ಹಸಿರು. ರೆಪ್ಪೆಯ ಮೇಲೆ ಒಂದು ಹನಿ ನಿಂತಿತ್ತು. ಅದು ಬಿದ್ದಮೇಲೆ ಅವನು ಬಾಯಿಬಿಟ್ಟ.

"ನಿಮ್ಮ ಅಡುಗೆಮನೆ ನೆಲ ಓರೆ ಇದೆಯಾ?"

ಇದೇನು ಮಾತು! ನಾನು ಏನೋ ನಿರೀಕ್ಷಿಸಿದ್ದೆ, ನೆಲವನ್ನಂತೂ ಅಲ್ಲ.

"ಈ ಓಣೀಲಿ ಯಾರ ಮನೆ ನೆಲ ನೆಟ್ಟಗಿದೆ ಹೇಳಿ."

"ಅಲ್ಲ... ಫ್ರಿಜ್ಜು ಸರಿ ಇಲ್ಲ ಅಂತ ತ್ರೂಸತ್ತೆ ಹೇಳಿದ್ರು. ಅದು ಮುಂದಕ್ಕೆ ವಾಲಿದ್ರೆ, ಬಾಗಿಲು..."

"ಬಾಗಿಲು ಗಟ್ಟಿಯಾಗೇ ಮುಚ್ಚುತ್ತೆ. ಸಂದೀಲಿ ಕಾಗದ ಇಟ್ಟು ಎಳೆದು ನೋಡಿದೀನಿ, ಬರಲ್ಲ."

"ನೀವು ಮುಚ್ಚಿದಾಗ ಮುಚ್ಚುತ್ತೆ, ಸರಿ. ಆಮೇಲೆ?"

"ಆಮೇಲೇನು? ತಾನೇ ಬಾಗಿಲು ತೆಕ್ಕೊಂಡು ವಾಕಿಂಗ್ ಹೋಗುತ್ತಾ?"

ಅವನ ಕಿವಿ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. "ಸುಮ್ನೆ ಕೇಳಿದೆ, ಬಿಡಿ" ಎಂದು ಎದ್ದು, ಬಾಗಿಲ ಬಳಿ ಹೋಗಿ, ವಾಪಸ್ ಬಂದು, ಮೇಜಿನ ಮೇಲೆ ಬಿಟ್ಟಿದ್ದ ಕೈಗವಸು ತೆಗೆದುಕೊಂಡು, ಮತ್ತೆ ಬಾಯಿ ತೆರೆದು ಮುಚ್ಚಿ ಹೊರಟುಹೋದ. ಇಂಥ ಪೆದ್ದು ಮನುಷ್ಯನನ್ನು ನೋಡಿ ನನ್ನ ಎದೆ ಯಾಕೆ ಹೀಗೆ ಬಡಿದುಕೊಳ್ಳುತ್ತಿದೆ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಗುರುವಾರ ನನ್ನ ಬಾಗಿಲ ಹಿಡಿಗೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಮರದ ಎರಡು ತೆಳ್ಳಗಿನ ಬೆಣೆಗಳು. ಮಲಗುವ ಕೋಣೆಯ ಕಿಟಕಿ ಗಾಳಿಗೆ ದಡದಡ ಎನ್ನುತ್ತದೆಂದು ಮನೆಯ ಮಾಲೀಕನಿಗೆ ಹೇಳಿದ್ದೆ, ಅವನೇ ಕಳಿಸಿರಬೇಕು ಎಂದುಕೊಂಡೆ. ಬೆಣೆಗಳನ್ನು ಕಿಟಕಿಯ ಸಂದಿಗೆ ತುರುಕಿ ಹಾಯಾಗಿ ಮಲಗಿದೆ.

ಶುಕ್ರವಾರ ಅರ್ಧ ದಿನ ರಜೆ ಹಾಕಿದೆ. ಕೊನೆಯ ಶನಿವಾರದ ಪುಡ್ಡಿಂಗ್. ಕಿತ್ತಳೆ ರಸ ಹಿಂಡಿದೆ, ಕೆನೆ ಕಡೆದೆ, ಅಚ್ಚುಗಳಿಗೆ ಹುಯ್ದೆ, ಫ್ರಿಜ್ಜಿನಲ್ಲಿ ಸಾಲಾಗಿ ಇಟ್ಟೆ. ಬಾಗಿಲು ಮುಚ್ಚಿ, ಅದರ ಮೇಲೆ ಹಣೆಯಿಟ್ಟು, "ನೋಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದು ದಿನ ನನ್ನ ಮಾನ ಉಳಿಸು" ಎಂದೆ. ಆಮೇಲೆ ನಾಳಿನ ತಟ್ಟೆಗಳನ್ನು ನೋಡಿ ಬರಲು ಅಲೈದಾಳ ಅಂಗಡಿಗೆ ಹೊರಟೆ.

ಹೊರಡುವಾಗ ಅಡುಗೆಮನೆಯ ಬಾಗಿಲನ್ನು ಎಳೆದು ಮುಚ್ಚಿದೆ. ಚಳಿಗಾಲದಲ್ಲಿ ಕೋಣೆಯ ಬಾಗಿಲು ತೆರೆದಿಡುವುದು ನಮ್ಮ ಮನೆಯಲ್ಲಿ ದೊಡ್ಡ ಪಾಪ. "ಬಾಗಿಲು ಹಾಕೇ, ಬೀದಿಗೆಲ್ಲ ಬಿಸಿ ಹಂಚೋಕೆ ಕೂತಿದ್ದೀವಾ ನಾವು?" ಎಂದು ಅಮ್ಮ ಬೈದು ಬೈದು, ಆ ಅಭ್ಯಾಸ ನನ್ನ ಕೈಗೇ ಅಂಟಿಕೊಂಡಿದೆ. ಬಂದರಿನ ತೇವಕ್ಕೆ ಬಾಗಿಲು ಉಬ್ಬಿಕೊಂಡಿತ್ತು, ಜೋರಾಗಿ ಜಗ್ಗಿದರೇ ಮುಚ್ಚುವುದು. ಜಗ್ಗಿದೆ. ಮನೆಯೇ ಅದುರಿತು.

ಟೀ ಅಂಗಡಿ ತುಂಬಿತ್ತು. ಹೊರಗೆ ಆಗಲೇ ಕತ್ತಲು, ಒಳಗೆ ಊರಿನ ಅರ್ಧ ಹೆಂಗಸರು ಕೇಕಿನ ಮುಂದೆ ಕೂತಿದ್ದರು. ನಾನು ಅಲೈದಾಳ ಜೊತೆ ತಟ್ಟೆ ಆರಿಸುತ್ತಿದ್ದಾಗ ಬಾಗಿಲು ಧಡಾರನೆ ತೆರೆಯಿತು. ಯೆಲ್ಮರ್! ಮೈಮೇಲೆ ಕೋಟಿಲ್ಲ, ಕಾಲಲ್ಲಿ ಮನೆಯ ಚಪ್ಪಲಿ, ಏದುಸಿರು.

"ನಿಮ್ಮ ಫ್ರಿಜ್ಜಿನ ಬಾಗಿಲು ತೆರೆದಿದೆ," ಎಂದ.

"ಇಲ್ಲ, ಮುಚ್ಚಿ ಬಂದಿದೀನಿ."

"ತೆರೆದಿದೆ ಫೆನ್ನಾ. ನೀವು ಹೊರಟ ಮೇಲೆ ತೆರೀತು. ಒಳಗಿನ ದೀಪ ಉರೀತಿದೆ."

"ನಿಮಗೆ ಹೇಗೆ ಗೊತ್ತು?"

ಕೇಳಿದ ಮೇಲೆ ನನಗೇ ಅರ್ಥವಾಯಿತು. ಅಂಗಡಿಯಲ್ಲಿ ಎಲ್ಲರೂ ತಂತಮ್ಮ ಕೇಕನ್ನೇ ನೋಡುತ್ತಿದ್ದರು, ಎಲ್ಲರ ಕಿವಿಯೂ ಇತ್ತ ಕಡೆ. ಅವನು ಏನಾದರೊಂದು ಸುಳ್ಳು ಹೇಳಬಹುದಿತ್ತು. ಕಿಟಕಿಯಲ್ಲಿ ಇಣುಕುವವನು ಎಂಬ ಹೆಸರು ಒಮ್ಮೆ ಅಂಟಿದರೆ ಈ ಊರಲ್ಲಿ ಅದು ತೊಳೆದರೂ ಹೋಗುವುದಿಲ್ಲ. ಅವನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

"ನೋಡಿದೆ," ಎಂದ. "ನನ್ನ ಕಿಟಕಿಯಿಂದ."

"ಇವತ್ತಾ?"

"ದಿನಾ."

ಯಾರೋ ಹೆಂಗಸು "ಅಯ್ಯಯ್ಯೋ" ಎನ್ನುವ ಧಾಟಿಯಲ್ಲಿ ಉಸಿರೆಳೆದಳು. ನನ್ನ ಮುಖಕ್ಕೆ ರಕ್ತ ನುಗ್ಗಿತು. ನಾಚಿಕೆಯೋ ಸಿಟ್ಟೋ ತಿಳಿಯಲಿಲ್ಲ. ಅಷ್ಟರಲ್ಲಿ ಅಲೈದಾ ಕೈಯಲ್ಲಿದ್ದ ತಟ್ಟೆಯನ್ನು ಮೇಜಿಗೆ ಕುಕ್ಕಿದಳು.

"ಜಗಳ ಆಮೇಲೆ ಆಡ್ರೀ! ಮೊದ್ಲು ಓಡಿ, ನನ್ನ ಪುಡ್ಡಿಂಗ್ ಕರಗಿಹೋಗುತ್ತೆ!"

ಓಡಿದೆವು. ಓಡುತ್ತಲೇ ಬೈದೆ.

"ಅಂಗಡಿಗೆ ಬಂದಾಗ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ನೋಡ್ತೀನಿ ಅಂತ ಗೊತ್ತಾಗ್ತಿತ್ತು. ಗೊತ್ತಾದ್ರೆ ನೀವು ಮತ್ತೆ ನನ್ನ ಮುಖ ನೋಡ್ತಿರ್ಲಿಲ್ಲ. ಅದಕ್ಕೇ ಬೆಣೆ ತಂದು ನೇತುಹಾಕಿದ್ದೆ."

"ಅದು ನಿಮ್ಮದಾ? ಕಿಟಕಿಗೆ ಹಾಕ್ಬಿಟ್ಟೆ!"

"ಕಿಟಕಿಗಾ! ಫ್ರಿಜ್ಜಿನ ಕಾಲ ಕೆಳಗೆ ಇಡೋಕೆ ಕೊಟ್ಟಿದ್ದು ಕಣ್ರೀ!"

"ನನಗೇನು ಕನಸು ಬಿದ್ದಿತ್ತಾ? ನಾಚಿಕೆ ಆಗಲ್ವಾ ನಿಮಗೆ, ಒಬ್ಬಳೇ ಇರೋ ಹೆಂಗಸಿನ ಅಡುಗೆಮನೆ ನೋಡ್ತಾ ಕೂರೋಕೆ? ಭಾನುವಾರ ಇಸ್ತ್ರಿ ಮಾಡ್ತಾ ಕುಣೀತೀರಲ್ಲ, ಅಷ್ಟು ಸಾಲದಾ? ಕುಂಡದ ಗಿಡದ ಜೊತೆ ಜಗಳ ಆಡ್ತೀರಲ್ಲ, ಅದನ್ನಾದ್ರೂ ಪೂರ್ತಿ ಮಾಡಬಾರದಾ?"

ಅವನು ಸೇತುವೆಯ ಮೇಲೆ ನಿಂತೇಬಿಟ್ಟ.

"ನಾನು ಕುಣಿಯೋದು ನಿಮಗೆ ಹೇಗೆ ಗೊತ್ತು?"

ಸಿಕ್ಕಿಬಿದ್ದೆ. ಕಾಲುವೆಗೆ ಹಾರಿಬಿಡೋಣವೇ ಎನ್ನಿಸಿತು. ಅವನ ಬಲಗಣ್ಣು ಮೊದಲು ನಕ್ಕಿತು, ಆಮೇಲೆ ಎಡಗಣ್ಣು.

"ನಡೀರಿ, ನಡೀರಿ," ಎಂದು ಅವನ ತೋಳು ಹಿಡಿದು ಎಳೆದೆ. "ಪುಡ್ಡಿಂಗ್ ಕರಗುತ್ತೆ."

ಅಡುಗೆಮನೆಯ ಬಾಗಿಲನ್ನು ತಳ್ಳಲು ಹೋದಾಗ ಅವನು ನನ್ನ ಕೈ ಹಿಡಿದ. "ಮೆಲ್ಲಗೆ. ಸ್ವಲ್ಪ ಮಾತ್ರ ತೆಗೀರಿ." ಬೆರಳಗಲ ತೆರೆದು ಇಣುಕಿದೆ. ಕತ್ತಲ ಕೋಣೆಯಲ್ಲಿ ಹಳದಿ ಬೆಳಕು. ನನ್ನ ಫ್ರಿಜ್ಜು ಬಾಯಿ ತೆರೆದು ನಿಂತಿತ್ತು. ಬಾಗಿಲನ್ನು ಪೂರ್ತಿ ತಳ್ಳಿದೆ. ಅದು ಹೋಗಿ ಫ್ರಿಜ್ಜಿನ ಬಾಗಿಲಿಗೆ ತಾಗಿ, ಅದನ್ನು ಮೆತ್ತಗೆ ಒತ್ತಿ, ಟಪ್ ಎಂದು ಮುಚ್ಚಿತು.

ಹಾಗೇ ಗೋಡೆಗೊರಗಿದೆ. ಹೋಗುವಾಗ ನಾನು ಬಾಗಿಲು ಜಗ್ಗಿದ ಏಟಿಗೆ, ಮುಂದಕ್ಕೆ ವಾಲಿದ ಫ್ರಿಜ್ಜು ಬಾಯಿ ಬಿಡುತ್ತಿತ್ತು. ಬಂದಾಗ ನಾನೇ ಅದರ ಬಾಯಿ ಮುಚ್ಚಿ, ಇದೇಕೆ ಕೆಟ್ಟಿದೆ ಎಂದು ಅಳುತ್ತಿದ್ದೆ. ರಾತ್ರಿ ಮಲಗಲು ಹೋಗುವಾಗಲೂ ಇದೇ ಕಥೆ. ರಿಪೇರಿಯವನನ್ನು ಒಳಗೆ ಕರೆದದ್ದೂ ಇದೇ ಬಾಗಿಲಿನಿಂದ. ಅಮ್ಮ ಕಲಿಸಿದ ಅಭ್ಯಾಸ ನನ್ನ ಕೌಂಟರನ್ನು ತಿಂದುಹಾಕುವುದರಲ್ಲಿತ್ತು.

"ಒಳಗಿದ್ದವರಿಗೆ ಕಾಣೋದೇ ಇಲ್ಲ ಇದು," ಎಂದೆ.

"ಹ್ಞೂಂ. ಹೊರಗಿದ್ದವನಿಗೆ ಮಾತ್ರ."

ಕೆಲಸಕ್ಕೆ ಬಿದ್ದೆವು. ನಾನು ಭುಜ ಕೊಟ್ಟು ಫ್ರಿಜ್ಜನ್ನು ಹಿಂದಕ್ಕೆ ಒರಗಿಸಿ ಹಿಡಿದೆ. ಅವನು ನೆಲದ ಮೇಲೆ ಬೋರಲು ಮಲಗಿ, ಮುಂದಿನ ಕಾಲುಗಳನ್ನು ತಿರುಗಿಸಿ ಎತ್ತರ ಮಾಡಿದ. ನಾನು ಮಲಗುವ ಕೋಣೆಗೆ ಓಡಿ ಬೆಣೆಗಳನ್ನು ಕಿತ್ತು ತಂದೆ, ಅವೂ ಕೆಳಗೆ ಹೋದವು. ಈಗ ಬಾಗಿಲು ತೆರೆದು ಕೈಬಿಟ್ಟರೆ ಅದು ತಾನಾಗಿಯೇ ಹಿಂದಕ್ಕೆ ಹೋಗಿ ಮುಚ್ಚಿಕೊಂಡಿತು. ಇನ್ನೊಂದು ಸಲ ತೆರೆದು ಬಿಟ್ಟೆ. ಮತ್ತೊಂದು ಸಲ. ಮಕ್ಕಳ ಆಟದ ಹಾಗೆ ಇಬ್ಬರೂ ಅದನ್ನೇ ಮಾಡಿದೆವು.

"ಸಾಕು, ತಂಪೆಲ್ಲ ಹೋಗುತ್ತೆ," ಎಂದು ಅವನು ನಕ್ಕ.

"ಆದ್ರೆ ಬಾಗಿಲು ಜಗ್ಗಿದಾಗ ಏನಾಗುತ್ತೋ? ಒಳಗೆ ಬಂದು ನೋಡಿದ್ರೆ ಗೊತ್ತಾಗಲ್ಲ."

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ದೀಪ ಆರಿಸಿ, ಬಾಗಿಲನ್ನು ಎಂದಿಗಿಂತ ಜೋರಾಗಿ ಜಗ್ಗಿ, ಮೆಟ್ಟಿಲಿಳಿದು, ಓಣಿ ದಾಟಿ ಅವನ ಮನೆಗೆ ಹತ್ತಿದೆವು. ಅವನ ಕಿಟಕಿಯ ಬಳಿ ಒಂದು ಕುರ್ಚಿ ಇತ್ತು, ಪಕ್ಕದಲ್ಲಿ ಆರಿದ ಟೀ. ನಾನು ಆ ಕುರ್ಚಿಯಲ್ಲಿ ಕೂತು, ಬದುಕಿನಲ್ಲಿ ಮೊದಲ ಸಲ ಯಾವ ಮುಚ್ಚುಮರೆಯೂ ಇಲ್ಲದೆ ಇನ್ನೊಂದು ಮನೆಯೊಳಗೆ ನೋಡಿದೆ. ಅದು ನನ್ನದೇ ಮನೆ.

ಅಡುಗೆಮನೆ ಕತ್ತಲಾಗಿತ್ತು. ಪೂರ್ತಿ ಕತ್ತಲು. ಎಲ್ಲೂ ಹಳದಿ ಬೆಳಕಿಲ್ಲ. ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು.

ಬೀದಿದೀಪಕ್ಕೆ ನನ್ನ ಮೇಜು, ಹಣ್ಣಿನ ಬುಟ್ಟಿ, ಕುರ್ಚಿಯ ಬೆನ್ನಿಗೆ ನೇತಾಡುವ ಏಪ್ರನ್ ಮಂದವಾಗಿ ಕಾಣುತ್ತಿದ್ದವು.

"ಇಲ್ಲಿಂದ ನನ್ನ ಮನೆ ಇಷ್ಟು ಚೆನ್ನಾಗಿ ಕಾಣುತ್ತಾ?" ಎಂದೆ.

"ನೀವು ಇದ್ದಾಗ ಕಾಣುತ್ತೆ," ಎಂದ.

ನಾನು ತಿರುಗಲಿಲ್ಲ. ಗಾಜಿನಲ್ಲಿ ಅವನ ನೆರಳು ಕಾಣುತ್ತಿತ್ತು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

"ಮೊದಮೊದಲು ಆ ಬೆಳಕು ನೋಡಿ ನೀವು ಮನೇಲಿದೀರಿ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಫ್ರಿಜ್ಜು ಅಂತ. ಗೊತ್ತಾದ ಮೇಲೆ ತಲೆ ತಿರುಗಿಸ್ಬೇಕಿತ್ತು. ಆಗ್ಲಿಲ್ಲ. ನೀವು ಬರೋ ತನಕ ಕೂತಿರ್ತಿದ್ದೆ. ತಪ್ಪು ಫೆನ್ನಾ. ಇನ್ಮೇಲೆ ನೋಡಲ್ಲ, ಮಾತು ಕೊಡ್ತೀನಿ."

ಬೇಡ, ನೋಡು ಎಂದು ಹೇಳಬೇಕೆಂದು ನಾಲಿಗೆಯ ತುದಿಯವರೆಗೂ ಬಂತು. ಆದರೆ ನಾನು ಹೇಳಿದ್ದು, "ನಾನೂ ಮಾತು ಕೊಡ್ಬೇಕಾ?"

"ಅದು ನಿಮ್ಮಿಷ್ಟ. ಭಾನುವಾರ ಇಸ್ತ್ರಿ ಇರುತ್ತೆ."

ಶನಿವಾರ ಬೆಳಗ್ಗೆ ಅಲೈದಾಳ ಅಂಗಡಿಯಲ್ಲಿ ಅಚ್ಚನ್ನು ತಟ್ಟೆಗೆ ಕವುಚಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಮೆಲ್ಲನೆ ಎತ್ತಿದೆ. ಪುಡ್ಡಿಂಗ್ ಒಮ್ಮೆ ಜುಮ್ಮೆಂದು ನಡುಗಿ, ನೆಟ್ಟಗೆ ನಿಂತುಕೊಂಡಿತು. ಅಲೈದಾ ಸುತ್ತ ತಿರುಗಿ ನೋಡಿದಳು, ಒಂದು ಚಮಚ ತಿಂದಳು, ಇನ್ನೊಂದು ತಿಂದಳು. "ಸೋಮವಾರ ಕನ್ನಡಕದ ಅಂಗಡಿಯವರಿಗೆ ಹೇಳ್ಬಿಡು," ಎಂದಳು. ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಮಧ್ಯಾಹ್ನಕ್ಕೆಲ್ಲ ಒಂದೂ ಉಳಿಯಲಿಲ್ಲ. ಬಂದ ಅರ್ಧ ಜನ ಪುಡ್ಡಿಂಗಿಗೆ ಬಂದಿದ್ದರು, ಉಳಿದ ಅರ್ಧ ಆ ಫ್ರಿಜ್ಜಿನ ಹೆಂಗಸು ಯಾರು ಎಂದು ನೋಡಲು ಬಂದಿದ್ದರು. ತಿಂದು ಹೋದದ್ದಂತೂ ಎಲ್ಲರೂ.

ಅವತ್ತು ಸಂಜೆ ಯೆಲ್ಮರ್ ಒಂದು ಥರ್ಮಾಮೀಟರ್ ಹಿಡಿದು ಬಂದ. "ಸುಮ್ನೆ ಒಂದ್ಸಲ ನೋಡಿ ಹೋಗ್ತೀನಿ, ಮತ್ತೆ ವಾಲಿದೆಯೋ ಏನೋ." ಫ್ರಿಜ್ಜು ತೆರೆದ, ಮುಖ ಒಳಗೆ ಹಾಕಿದ, "ನಾಲ್ಕು ಡಿಗ್ರಿ" ಎಂದ, ಹೋದ.

ಮರುದಿನವೂ ಬಂದ. ಅದರ ಮರುದಿನವೂ. ಪ್ರತಿ ಸಲ ನಾಲ್ಕು ಡಿಗ್ರಿ, ಪ್ರತಿ ಸಲ ಕೋಟನ್ನೂ ಬಿಚ್ಚದೆ ನಿಂತು ಒಂದಿಷ್ಟು ಮಾತು, ಒಂದು ಬಿಸ್ಕತ್ತು. ಕೆಳಗೆ ತ್ರೂಸತ್ತೆ, "ಆ ಫ್ರಿಜ್ಜಿಗೆ ಜ್ವರ ಬಿಟ್ಟಿಲ್ವಾ ಇನ್ನೂ? ನರ್ಸು ದಿನಾ ಬರ್ತಾನೆ!" ಎಂದು ಮೆಟ್ಟಿಲವರೆಗೂ ಕೇಳುವಂತೆ ನಗುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ, ಮಾತು ಕೊಟ್ಟವಳಲ್ಲವಲ್ಲ. ಅವನು ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದ. ಟೀ ಕುಡಿಯುವಾಗ ಬೆನ್ನು ಮಾತ್ರ ಕಾಣುತ್ತಿತ್ತು. ಕೊಟ್ಟ ಮಾತಿಗಾಗಿ ಗೋಡೆ ನೋಡುತ್ತಾ ಟೀ ಕುಡಿಯುವ ಮನುಷ್ಯನ ಬೆನ್ನನ್ನು ಎಷ್ಟು ದಿನ ಅಂತ ನೋಡುವುದು? ನನಗೆ ತಡೆಯಲಾಗಲಿಲ್ಲ.

ಆ ಸಂಜೆ ಆಲೂಗಡ್ಡೆ, ಸೊಪ್ಪು ಹಾಕಿ ಮಸೆದು, ಸಾಸೇಜು ಹುರಿದಿದ್ದೆ. ಅವನು ಬಂದು ಫ್ರಿಜ್ಜು ತೆರೆದ.

"ನಾಲ್ಕು," ಎಂದ.

"ಯೆಲ್ಮರ್, ಫ್ರಿಜ್ಜು ಸರಿಯಾಗಿದೆ. ಇನ್ಮೇಲೆ ಅದನ್ನ ನೋಡೋಕೆ ಬರ್ಬೇಡಿ."

ಅವನ ಮುಖ ಇಳಿದುಹೋಯಿತು. ಥರ್ಮಾಮೀಟರನ್ನು ಒರೆಸಿ ಜೇಬಿಗಿಟ್ಟ. ಬಾಗಿಲವರೆಗೆ ಹೋಗಿ ನಿಂತ.

"ಅದು ಮೊದಲ ದಿನವೇ ಸರಿಯಾಗಿತ್ತು. ನನಗೂ ಗೊತ್ತಿತ್ತು," ಎಂದ.

"ಗೊತ್ತಿದ್ದೂ ದಿನಾ ಬರ್ತಿದ್ರಾ?"

"ಕಿಟಕೀಲಿ ನೋಡೋ ಹಾಗಿಲ್ಲ. ನಿಮ್ಮನ್ನ ನೋಡದೆ ಇರೋಕೂ ಆಗಲ್ಲ. ಇನ್ನೇನು ಮಾಡ್ಲಿ ಫೆನ್ನಾ? ನನಗೆ ನೀವಂದ್ರೆ ತುಂಬಾ ಇಷ್ಟ."

ಅವನು ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ತಪ್ಪು ಮಾಡಿದವನಂತೆ ಬಾಗಿಲ ಹಿಡಿಯನ್ನು ನೋಡುತ್ತಾ ನಿಂತ. ನಾನು ಹತ್ತಿರ ಹೋದೆ. ಕನ್ನಡಕ ಮತ್ತೆ ಜಾರಿತ್ತು, ಎರಡೂ ಕೈಯಿಂದ ನೆಟ್ಟಗೆ ಕೂರಿಸಿದೆ. ಕೈಗಳನ್ನು ಅವನ ಕೆನ್ನೆಯ ಮೇಲೇ ಬಿಟ್ಟೆ. ಅವನ ಮುಖ ಚಳಿಗೆ ತಣ್ಣಗಿತ್ತು, ನನ್ನ ಅಂಗೈಯಲ್ಲಿ ನಿಧಾನಕ್ಕೆ ಬೆಚ್ಚಗಾಯಿತು.

"ಫ್ರಿಜ್ಜು ಸಾಕು. ನನ್ನ ನೋಡೋಕೆ ಬಾ," ಎಂದೆ.

ಅವನ ಬಲಗಣ್ಣು ಮೊದಲು ನಕ್ಕಿತು.

"ಯಾವಾಗ ಬರ್ಲಿ?"

"ಬಂದಿದ್ದೀಯಲ್ಲ ದಡ್ಡ. ಇನ್ನು ಹೋಗಬೇಡ, ಅಷ್ಟೇ."